ಗುಂಗಿಹುಳದವರು ಹಿಡಿದ ಶ್ರುತಿ

ಕಳೆದ ರವಿವಾರ ಧಾರವಾಡದಿಂದ ಒಬ್ಬರು ನನ್ನ ರೆಕಾರ್ಡುಗಳನ್ನು ನೋಡಲಿಕ್ಕೆ ಬಂದಿದ್ದರು. ನನ್ನ ಹಾಗೆಯೇ ಹಳೆಯ ಎಲ್.ಪಿ.ಗಳ ಹುಚ್ಚು ಹತ್ತಿಸಿಕೊಂಡವರು. ರೆಕಾರ್ಡನ್ನು ಅಂಚಿನಲ್ಲಷ್ಟೇ ಹಿಡಿದು, ಕಿಟಕಿಯ ಬೆಳಕಿಗೆ ಓರೆ ಮಾಡಿ, ಗೆರೆ ಬಿದ್ದಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುವ ಅವರ ರೀತಿ ಕಂಡು ನನಗೆ ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ನೆನಪಾಯಿತು. ಒಂದು ರೆಕಾರ್ಡಿನ ಮೇಲೆ ಅವರ ಕಣ್ಣು ನಿಂತಿತು. ಗೆರೆಯಿಲ್ಲ, ಬಾಗಿಲ್ಲ. ನಡುವಿನ ಲೇಬಲ್ಲಿನ ಮೇಲೆ ಮಾತ್ರ ಮೂರು ಬಿಳಿಯ ಪಟ್ಟೆ.

“ಇದೇನ್ರೀ ಇದು, ಕಲೆ?”

“ವಿಭೂತಿರೀ” ಅಂದೆ.

“ರೆಕಾರ್ಡಿಗೆ ವಿಭೂತಿ?”

“ಭಜನಿಗೆ ಹೋಗಿತ್ತರೀ ಅದು.”

ಅವರು ನನ್ನ ಮುಖವನ್ನೊಮ್ಮೆ, ಕವರನ್ನೊಮ್ಮೆ ನೋಡಿದರು. ಲೇಬಲ್ಲು ಸ್ವಚ್ಛವಾಗಿದ್ದರೆ ಈ ರೆಕಾರ್ಡಿನ ಮಾತೇ ಬೇರೆಯಿತ್ತು ಎಂದು ಹೇಳಿ, ಚಹಾ ಕುಡಿದು, ಬಸ್ಸು ಹಿಡಿದರು. ನಾನು ಕಲೆಯನ್ನು ಒರೆಸಲಿಲ್ಲ. ಅದರ ಬದಲು ಆ ಬ್ಯಾಂಡಿನ ನನ್ನ ಬಳಿಯಿರುವ ಆಲ್ಬಮ್ಮುಗಳನ್ನೆಲ್ಲ ಕೆಳಗಿಳಿಸಿ, ಹುಟ್ಟಿದ ಕ್ರಮದಲ್ಲಿ ಒಂದೊಂದಾಗಿ ಕೇಳುತ್ತ ಕುಳಿತೆ. ಎಲ್ಲರೂ ಸೀಡಿಗೆ ಹೋಗಿರುವ ಈ ದಿನಗಳಲ್ಲಿ ಬೈಲಹೊಂಗಲದಂಥ ಊರಿನಲ್ಲಿ ಎಲ್.ಪಿ. ಕೇಳುವವನೆಂದರೆ ನೆರೆಹೊರೆಯವರು ಸ್ವಲ್ಪ ಕನಿಕರದಿಂದಲೇ ಮಾತಾಡಿಸುತ್ತಾರೆ.

ಆ ಬ್ಯಾಂಡಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಿಳಿದವರು ಇಷ್ಟರಲ್ಲೇ ಊಹಿಸುತ್ತಾರೆ, ತಿಳಿಯದವರಿಗೆ ಹೇಳಿದರೂ ಅಷ್ಟೇ. ಪರದೇಶದ ಉದ್ದ ಕೂದಲಿನ ಮಂದಿ. ಮನುಷ್ಯ ಚಂದ್ರನ ಮೇಲೆ ಕಾಲಿಡುವ ಹವಣಿಕೆಯಲ್ಲಿದ್ದ ಕಾಲಕ್ಕೆ ಇವರು ಗಿಟಾರು ಮತ್ತು ಕರೆಂಟಿನ ಪೆಟ್ಟಿಗೆಗಳನ್ನು ಇಟ್ಟುಕೊಂಡು ಆಕಾಶದ ಸದ್ದು ಹೊರಡಿಸಲು ಹೊರಟವರು. ಆ ದಾರಿ ತುಳಿದ ಮೊದಲಿಗರಲ್ಲಿ ಇವರೂ ಸೇರುತ್ತಾರಂತೆ. ಈ ಬಗೆಯ ಸಂಗೀತಕ್ಕೆ ಸ್ಪೇಸ್ ರಾಕ್ ಎನ್ನುತ್ತಾರೆಂದು ಕವರಿನ ಹಿಂಬದಿಯನ್ನು ಡಿಕ್ಷನರಿ ಇಟ್ಟುಕೊಂಡು ಓದಿ ತಿಳಿದವನು ನಾನು. ಓದಿದ್ದು ಬಿ.ಎ.ವರೆಗೆ; ಇಂಗ್ಲಿಷ್ ಪೇಪರು ಎರಡು ಸಲ ಕೈಕೊಟ್ಟು ಮೂರನೆಯ ಸಲ ಕೈಹಿಡಿಯಿತು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಮನುಷ್ಯ ನಾನೇ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಹಾಲಿನ ಕ್ಯಾನುಗಳನ್ನು ಬೈಲಹೊಂಗಲಕ್ಕೆ ಮುಟ್ಟಿಸಿ ಅದೇ ಸೈಕಲ್ಲಿನ ಮೇಲೆ ಕಾಲೇಜಿಗೆ ಹೋದವನು. ಅಂಗಿಗೂ ಹಾಲಿನ ವಾಸನೆ, ಪುಸ್ತಕಕ್ಕೂ ಹಾಲಿನ ವಾಸನೆ. ಪರೀಕ್ಷೆಯ ಹಾಲಿನಲ್ಲಿ ಪಕ್ಕದವನು ಮೂಗು ಮುಚ್ಚಿಕೊಂಡೇ ಬರೆದು ಪಾಸಾದ. ಪದವಿಯ ಫೋಟೋ ಬಂದಾಗ ಅಪ್ಪ ಅದನ್ನು ದೇವರ ಜಗುಲಿಯ ಮೇಲೆ, ದೇವರಿಗಿಂತ ಒಂದು ಗೇಣು ಎತ್ತರದಲ್ಲಿ ಮೊಳೆ ಬಡಿದು ತೂಗುಹಾಕಿದ. ಅವ್ವ ಬೈದ ಮೇಲೆ ಕೆಳಗಿಳಿಸಿದ.

ಆ ಡಿಗ್ರಿ ನನ್ನನ್ನು ಕಿತ್ತೂರಿನ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಖುರ್ಚಿಯವರೆಗೆ ತಲುಪಿಸಿತು. ಬಸ್ಸು ಬಂದ ವೇಳೆ, ಹೋದ ವೇಳೆ ಬರೆದುಕೊಳ್ಳುವುದು, ಮೈಕಿನಲ್ಲಿ ಊರುಗಳ ಹೆಸರು ಕೂಗುವುದು. ಅಪ್ಪನ ಕಂಠ ನನಗೆ ಬರಲಿಲ್ಲ. ಬಂದಿದ್ದರೆ ನಾನು ಸವದತ್ತಿ, ರಾಮದುರ್ಗ ಎಂದು ಕೂಗುವಾಗ ಜನ ಬಸ್ಸು ಹತ್ತುವುದನ್ನು ಬಿಟ್ಟು ನಿಂತು ಕೇಳುತ್ತಿದ್ದರು. ಅಂಥ ಕಂಠ ಅದು.

ಪುಣೆಯ ರೂಟಿನ ಕಂಡಕ್ಟರ್ ದಸ್ತಗೀರ್ ನನಗೆ ಗೆಳೆಯನಾದದ್ದು ಅಲ್ಲೇ. ಪುಣೆಯ ಹಳೆ ಬಜಾರಿನಲ್ಲಿ ಹಿಂದಿ ಸಿನಿಮಾದ ರೆಕಾರ್ಡುಗಳು ಸಿಗುತ್ತವೆಂದು ಕೇಳಿ, ನಾಲ್ಕು ತಾ ಮಾರಾಯಾ ಎಂದು ಅವನಿಗೆ ಹೇಳಿ ಕಳಿಸಿದ್ದೆ. ಒಂದು ಮಧ್ಯಾಹ್ನ ಬಸ್ಸಿನಿಂದ ಗೋಣಿಚೀಲದ ಗಂಟೊಂದನ್ನು ಇಳಿಸಿದ.

“ಸಾಹೇಬ್ರ, ಹಿಂದಿವು ಸಿಗಲಿಲ್ರೀ. ಅಂವ ಇವನ್ನ ಒಯ್ಯಿ ಅಂತ ಕಟ್ಟಿ ಕೊಟ್ಟಾನ. ಇದರಾಗ ಹಾಡವ್ರು ಕಡಿಮಿ ಅಂತ್ರೀ, ಬರೇ ಸಪ್ಪಳಂತ.”

“ಹಾಡವ್ರಿಲ್ಲದ ಹಾಡು ಎಂಥಾದೋ ದಸ್ತಗೀರಾ?”

“ನಮ್ಮ ಗಾಡಿ ಗೇರ್‌ಬಾಕ್ಸ್ ಇದ್ದಂಗ ಇರಬೇಕ್ರೀ. ಕೇಳಿ ನೋಡ್ರಿ. ಬ್ಯಾಡಾದ್ರ ರೊಟ್ಟಿ ಬುಟ್ಟಿ ಮುಚ್ಚಾಕರೆ ಬರ್ತಾವು.”

ರೊಟ್ಟಿ ಮುಚ್ಚಲಿಲ್ಲ. ನೇಸರಗಿ ದಾಟಿ ಒಳಕ್ಕೆ ಹೋದರೆ ಸಿಗುವ ನಮ್ಮೂರಿಗೆ ವಾರದ ರಜೆಯಲ್ಲಿ ಒಯ್ದೆ. ಅಲ್ಲಿ ನನ್ನ ಪ್ಲೇಯರ್ ಇತ್ತು. ಮದುವೆಮನೆಗಳಿಗೆ ಸ್ಪೀಕರ್ ಕಟ್ಟುತ್ತಿದ್ದ ಬೈಲಹೊಂಗಲದ ಅಂಗಡಿಯೊಂದು ಕ್ಯಾಸೆಟ್ಟಿಗೆ ಬದಲಾದಾಗ, ಮೂಲೆಗೆ ಬಿದ್ದ ಪ್ಲೇಯರನ್ನೂ ಬ್ಯಾಟರಿಯ ಮೇಲೆ ನಡೆಯುವ ಆಂಪ್ಲಿಫೈಯರನ್ನೂ ನನಗೆ ದಾಟಿಸಿತ್ತು. ಪ್ಲೇಯರಿನ ಬದಿಗೆ ಒಂದು ಸಣ್ಣ ಗುಂಡಿ. ಅದನ್ನು ತಿರುಗಿಸಿದರೆ ರೆಕಾರ್ಡು ತುಸು ಜೋರಾಗಿ, ಇಲ್ಲವೇ ತುಸು ನಿಧಾನವಾಗಿ ತಿರುಗುತ್ತದೆ; ನಿಧಾನವಾದಂತೆ ದನಿಯೂ ಕೆಳಗಿಳಿಯುತ್ತದೆ.

ಮೊದಲ ಆಲ್ಬಮ್ಮಿನ ಕವರಿನ ಮೇಲೆ ಗೋದಿಯ ಹೊಲದ ನಡುವೆ ಆಕಾಶಯಾನಿಯ ದಿರಿಸು ತೊಟ್ಟ ಒಬ್ಬ ನಿಂತಿದ್ದಾನೆ. ತಲೆಗೆ ಗಾಜಿನ ಟೊಪ್ಪಿಗೆ, ಬೆನ್ನಿಗೆ ಸಿಲಿಂಡರು. ಅವ್ವ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, “ಎಣ್ಣಿ ಹೊಡಿಯಾಕ ನಿಂತಾನ. ಶ್ಯಾಣ್ಯಾ ಅದಾನ, ಮಾರಿ ಮುಚ್ಕೊಂಡಾನ. ನಿಮ್ಮಪ್ಪಗ ತೋರಸು” ಅಂದಳು. ಕ್ರಿಮಿನಾಶಕ ಸಿಂಪಡಿಸುವಾಗ ಮುಖಕ್ಕೆ ಟವೆಲ್ಲೂ ಸುತ್ತಿಕೊಳ್ಳದ ಅಪ್ಪನ ಮೇಲಿನ ಸಿಟ್ಟು ಅದು. ಎರಡನೆಯ ಆಲ್ಬಮ್ಮು ಪೂರ್ತಿ ಕಪ್ಪು, ನಡುವೆ ಒಂದು ಬಿಳಿಯ ದುಂಡು. ಯಾವುದೋ ಗ್ರಹ ಇರಬೇಕೆಂದು ನಾನು ವಿವರಿಸತೊಡಗಿದ್ದೆ. ಅವ್ವ, “ಹಂಚಿನ ಮ್ಯಾಲ ರೊಟ್ಟಿ ಹಾಕ್ಯಾರ. ತಿರುವಿ ಹಾಕಾಕ ಮರತಾರ, ಹೊತ್ತತೈತಿ” ಅಂದಳು. ಇಷ್ಟು ವರ್ಷದ ಮೇಲೆ, ನಾಲ್ಕಾರು ಇಂಗ್ಲಿಷ್ ಪತ್ರಿಕೆಗಳಲ್ಲಿ ಆ ಕವರಿನ ಬಗ್ಗೆ ಓದಿಕೊಂಡ ಮೇಲೂ, ನನಗೆ ಆ ಗ್ರಹದಲ್ಲಿ ಜೋಳದ ರೊಟ್ಟಿಯೇ ಕಾಣುತ್ತದೆ.

ಈ ಎರಡನೆಯ ಆಲ್ಬಮ್ಮಿನ ಎರಡನೆಯ ಮಗ್ಗುಲು ವಿಚಿತ್ರವಾದದ್ದು. ಸೂಜಿ ಇಟ್ಟರೆ ಒಂದು ದನಿ ಏಳುತ್ತದೆ. ಏಳುತ್ತದೆ, ನಿಲ್ಲುತ್ತದೆ, ಅಲ್ಲೇ ಇರುತ್ತದೆ. ಮಗ್ಗುಲು ಮುಗಿಯುವ ಹೊತ್ತಿಗೆ ಡ್ರಮ್ಮು ಬಂದು ಬಡಿಯುವವರೆಗೆ ಬೇರೇನೂ ಆಗುವುದಿಲ್ಲ. ಮೊದಲ ಸಲ ಕೇಳಿದಾಗ ನಾನು ಪ್ಲೇಯರ್ ಕೆಟ್ಟಿತೆಂದು ಹೊಡೆದು ನೋಡಿದೆ. ಅವ್ವ ಒಳಗಿನಿಂದ, “ಗುಂಗಿಹುಳ ಹೊಕ್ಕೈತಿ ನೋಡೋ, ಹೊರಗ ಹಾಕು” ಎಂದು ಕೂಗಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಆ ಬ್ಯಾಂಡಿನ ಹೆಸರು ಗುಂಗಿಹುಳದವರು. ಬಿ.ಎ. ಓದಿಸಿದ್ದಕ್ಕೆ ಮಗ ಗುಂಗಿಹುಳ ಸಾಕಿದ್ದಾನೆ ಎಂದು ಅಪ್ಪ ಕಟ್ಟೆಯ ಮೇಲೆ ಹೇಳಿಕೊಂಡು ನಗುತ್ತಿದ್ದ.

ಅಪ್ಪನ ನಗು ಕಡಿಮೆಯಾದ ಒಂದು ಶ್ರಾವಣದ ಕಥೆಯನ್ನೇ ನಾನು ಹೇಳಹೊರಟದ್ದು.

ನಮ್ಮೂರ ಮಠದಲ್ಲಿ ಶ್ರಾವಣ ಸೋಮವಾರದ ಸಂಜೆ ಭಜನೆ. ಪದ ಎತ್ತುವವನು ನಮ್ಮಪ್ಪ ಮಲ್ಲಪ್ಪ, ಪೇಟಿ ಈರಪ್ಪ ಕಾಕಾನದು. ಪೇಟಿ ಎಂದರೆ ಹಾರ್ಮೋನಿಯಂ. ಇಬ್ಬರೂ ಒಂದೇ ವಾರಿಗೆಯವರು, ಬಾಯಿಗೆ ಬಂದಂತೆ ಬೈದಾಡಿಕೊಳ್ಳುವ ಸಲಿಗೆಯವರು. ನಮ್ಮೂರ ಭಜನೆಯ ಹೆಚ್ಚುಗಾರಿಕೆಯೆಂದರೆ ಶ್ರುತಿ. ಪೇಟಿಯ ನಾಲ್ಕನೆಯ ಕರಿಯ ಮನೆಯೇ, ಅಂದರೆ ಕೀಲಿಯೇ, ನಮ್ಮ ಷಡ್ಜ. ಅದು ಗಂಡಸರಿಗೆ ಎತ್ತರದ ಶ್ರುತಿ. ಅಲ್ಲಿಂದ ಮೇಲೇರಿ ಹಾಡುವವರು ಸುತ್ತಮುತ್ತ ಕಡಿಮೆ. “ಆ ಊರಿಂದು ಕರಿ ನಾಕು” ಎಂದು ಬೇರೆ ಊರಿನವರು ಹೇಳುವಾಗ, ನಮ್ಮೂರ ಹೋರಿಯ ಬಗ್ಗೆ ಹೇಳಿದ ಹಾಗೆ ನಮ್ಮ ಎದೆ ಉಬ್ಬುತ್ತಿತ್ತು. ಶ್ರುತಿ ಇಳಿಸು ಎಂದು ಯಾರೂ ಕೇಳುವ ಹಾಗಿರಲಿಲ್ಲ. ದನಿ ಸಾಲದಾದವನಿಗೆ ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಒಂದು ದಿನ ಅವನು ಕೂಡುವ ಜಾಗದಲ್ಲಿ ಒಂದು ಜೊತೆ ತಾಳ ಇಟ್ಟಿರುತ್ತದೆ. ಅಷ್ಟೇ. ಅವನು ಅದನ್ನು ಎತ್ತಿಕೊಂಡು ಹಿಮ್ಮೇಳಕ್ಕೆ ಸರಿಯುತ್ತಾನೆ, ಪದ ಎತ್ತುವ ಸರದಿ ಇನ್ನೊಬ್ಬನದಾಗುತ್ತದೆ. ಯಾರು ಇಟ್ಟರು ಎಂದು ಯಾರೂ ಕೇಳುವುದಿಲ್ಲ. ಅಪ್ಪನಿಗಿಂತ ಮುಂಚೆ ಹಾಡುತ್ತಿದ್ದವರು ತಾಳ ಎತ್ತಿಕೊಂಡದ್ದೂ ಹೀಗೆಯೇ.

ಆ ವರ್ಷ ಅಪ್ಪನ ದನಿ, ಮಾಳಿಗೆಯ ನಿಚ್ಚಣಿಕೆಯ ಕಡೆಯ ಮೆಟ್ಟಿಲು ಕಾಲಿಗೆ ಸಿಗದವನ ಹಾಗೆ, ಮೇಲೆ ಹೋಗಿ ತಡವರಿಸುತ್ತಿತ್ತು. ಮೊದಲನೆಯ ಸೋಮವಾರ ಕೆಮ್ಮಿನ ನೆಪ ಹೇಳಿ ನಡೆಯಿತು. ಎರಡನೆಯ ಸೋಮವಾರ ರಜೆ ಹಾಕಿ ನಾನೂ ಹೋಗಿದ್ದೆ. ಅಪ್ಪನ ಜಾಗದಲ್ಲಿ, ಚಾಪೆಯ ಮೇಲೆ, ತಾಳ ಇತ್ತು.

ಅಪ್ಪ ನಿಂತು ನೋಡಿದ. ಮಠದಲ್ಲಿ ಒಂದು ಡಜನ್ ಜನ ಇದ್ದರು. ಎಲ್ಲರಿಗೂ ಒಮ್ಮೆಲೇ ಗೋಡೆಯ ಮೇಲಿನ ದೇವರ ಫೋಟೋಗಳಲ್ಲಿ ಏನೋ ಹೊಸದು ಕಂಡಿತು. ಅಪ್ಪ ತಾಳವನ್ನು ಮೆಲ್ಲಗೆ ಬದಿಗೆ ಸರಿಸಿ, ಕುಳಿತು, ಪದ ಎತ್ತಿದ. ಮೇಲಿನ ಸ್ವರದಲ್ಲಿ ದನಿ ಒಡೆಯಿತು. ಮತ್ತೆ ಎತ್ತಿದ, ಮತ್ತೆ ಒಡೆಯಿತು. ಹಿಮ್ಮೇಳದವರು ಗಟ್ಟಿಯಾಗಿ ಹಾಡಿ ಮುಚ್ಚಿಹಾಕಿದರು. ಮನೆಗೆ ಬಂದು ಅಪ್ಪ ಊಟ ಮಾಡಲಿಲ್ಲ. “ಕಡೀ ಸೋಮವಾರ ರಾಮದುರ್ಗದ ಕಡಿ ಮ್ಯಾಳ ಬರತೈತಿ” ಎಂದಷ್ಟೇ ಅಂದ. ಅವರ ಎದುರಿಗೆ ಹೀಗಾದರೆ ಎಂಬುದನ್ನು ನಾವೇ ತುಂಬಿಕೊಂಡೆವು. ಅವ್ವ ರೊಟ್ಟಿಯ ಮೇಲೆ ರೊಟ್ಟಿ ಮುಚ್ಚಿ ಬುಟ್ಟಿ ಎತ್ತಿಟ್ಟಳು.

ಆ ವಾರ ಪೇಟಿಯ ಗಾಳಿಚೀಲವನ್ನು ಇಲಿ ಕಡಿಯಿತು. ಈರಪ್ಪ ಕಾಕಾ ಅದನ್ನು ಮಗುವಿನ ಹಾಗೆ ದುಪ್ಪಟಿಯಲ್ಲಿ ಸುತ್ತಿಕೊಂಡು ಮಿರಜಿಗೆ ಒಯ್ದು, ರಿಪೇರಿಗೆ ಕೊಟ್ಟು, ಬರಿಗೈಲಿ ಬಂದ. ಮೂರನೆಯ ಸೋಮವಾರಕ್ಕೆ ಶ್ರುತಿಯೇ ಇಲ್ಲ.

ನಾನು ಅಂದು ಮಧ್ಯಾಹ್ನ ಮನೆಯಲ್ಲಿ ಕುಳಿತು ರೊಟ್ಟಿಯ ಆಲ್ಬಮ್ಮು ಹಚ್ಚಿದ್ದೆ. ಅಪ್ಪ ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ. ಗುಂಗಿಹುಳದವರು ಎದ್ದು, ನಿಂತು, ಅಲ್ಲೇ ಇದ್ದರು. ಸ್ವಲ್ಪ ಹೊತ್ತಿಗೆ ಆ ದನಿಯ ಮೇಲೆ ಇನ್ನೊಂದು ದನಿ ಕೂತಿತು. ಅಪ್ಪ ಹಾಡುತ್ತಿದ್ದ. ಅದು ಕರಿ ನಾಕಕ್ಕಿಂತ ಎಷ್ಟೋ ಕೆಳಗಿನ ಶ್ರುತಿ. ಅಪ್ಪ ಮೇಲೆ ಹೋದ, ಎಲ್ಲಿಯೂ ಒಡೆಯದೆ ಹೋದ, ಅಲ್ಲಿ ಒಂದಿಷ್ಟು ತಿರುಗಾಡಿ ಕೆಳಗೆ ಬಂದ. ಅವ್ವ ಒಳಗಿನಿಂದ, “ಯಾರ್ ಬಂದಾರ? ಪೇಟಿ ಯಾರ್ ಹಿಡದಾರ?” ಎಂದು ಕೇಳಿದಳು.

“ಗುಂಗಿಹುಳದವ್ರು ಬೇ” ಅಂದೆ.

ಅಪ್ಪ ಹಗ್ಗದಿಂದ ಕಣ್ಣೆತ್ತಲಿಲ್ಲ. “ತಮ್ಮಾ, ಇನ್ನೊಮ್ಮಿ ಹಚ್ಚು” ಅಂದ.

ಡ್ರಮ್ಮು ಬರುವ ಮೊದಲೇ ಸೂಜಿ ಎತ್ತಿ ಮತ್ತೆ ಮೊದಲಿಗೆ ಇಟ್ಟೆ. ಇಡುವಾಗಲೇ ಕೇಳಿದೆ: “ಅಪ್ಪಾ, ಪೇಟಿ ಬರೂತನಾ ಇದನ್ನ ಮಠಕ್ಕ ಒಯ್ಯೋಣೇನು?”

“ಮಂದಿ ನಗತೈತಿ.”

“ನಗಲೇಳು.”

ಅಪ್ಪ ಹಗ್ಗವನ್ನು ಇನ್ನೂ ನಾಲ್ಕು ಸುತ್ತು ಹೊಸೆದ. “ಈರಪ್ಪನ್ನ ಕೇಳು. ಶ್ರುತಿ ಅವನ್ದು.”

ಈರಪ್ಪ ಕಾಕಾ ಎಮ್ಮೆಗೆ ನೀರು ಕುಡಿಸುತ್ತಿದ್ದ. ಹೇಳಿದ್ದನ್ನೆಲ್ಲ ಕೇಳಿ, “ಇಂಗ್ಲೀಷ್ ಮಂದಿ ಬಂದು ನಮ್ಮ ಮಠದಾಗ ಶ್ರುತಿ ಹಿಡಿಬೇಕಾತೇನಲೇ?” ಅಂದ.

“ಬರೇ ಗುಂಯ್ ಅಂತಾರ ಕಾಕಾ. ಒಂದೂ ಮಾತಾಡಂಗಿಲ್ಲ.”

“ಮಾತಾಡಂಗಿಲ್ಲ ಅಂದ್ರ ಛಲೋ ಮಂದಿ. ಕರಕೊಂಡ್ ಬಾ.”

ಹೀಗೆ ಪ್ಲೇಯರ್, ಆಂಪ್ಲಿಫೈಯರ್, ಟ್ರ್ಯಾಕ್ಟರಿನಿಂದ ಬಿಚ್ಚಿದ ಬ್ಯಾಟರಿ ಎಲ್ಲ ಮಠಕ್ಕೆ ಬಂದವು. ದೇವರ ಮುಂದೆ ಹೊಸ ವಾದ್ಯ ಬಂದರೆ ಮೊದಲು ವಿಭೂತಿ ಹಚ್ಚಬೇಕು. ಅಪ್ಪ ಪ್ಲೇಯರಿಗೆ ಹಚ್ಚಿದ. “ಅದೇನ್ ನುಡಿತೈತೇನು, ನುಡಿಯೋದು ಈ ತಾಟು. ಇದಕ್ಕ ಹಚ್ಚು” ಎಂದು ಈರಪ್ಪ ಕಾಕಾ ರೆಕಾರ್ಡು ತೋರಿಸಿದ. ಗೆರೆಗಳ ಮೇಲೆ ಕೈ ಹೋಗದಂತೆ ನಾನು ಅಪ್ಪನ ಮಣಿಕಟ್ಟು ಹಿಡಿದು ನಡುವಿನ ಲೇಬಲ್ಲಿಗೆ ತಂದೆ. ಮೂರು ಬೆರಳು ಎಳೆದ.

ನಾನು ಪ್ಲೇಯರಿನ ಗುಂಡಿಯನ್ನು ಇನ್ನೂ ಒಂದು ಎಳೆ ಇಳಿಸಿಯೇ ಸೂಜಿ ಇಟ್ಟೆ. ಅಪ್ಪ ಹಾಡಿದ. ಎಂದೋ ಹಾಡುತ್ತಿದ್ದ ಹಾಗೆ, ಅವಸರವಿಲ್ಲದೆ ಹಾಡಿದ. ಶ್ರುತಿ ಇಳಿದದ್ದು ಆ ಮಠದಲ್ಲಿ ಕುಳಿತ ಪ್ರತಿಯೊಬ್ಬನಿಗೂ ಗೊತ್ತಾಗಿತ್ತು, ಒಬ್ಬನೂ ತುಟಿ ಬಿಚ್ಚಲಿಲ್ಲ. ಪರದೇಶದವರದು ಅವರ ಶ್ರುತಿ, ಅದಕ್ಕೆ ಯಾರು ಏನು ಮಾಡಲಾದೀತು ಎಂಬ ಮುಖ ಮಾಡಿಕೊಂಡು ಕುಳಿತಿದ್ದರು. ಕೈಗೆ ಕೆಲಸವಿಲ್ಲದ ಈರಪ್ಪ ಕಾಕಾ ಕಣ್ಣು ಮುಚ್ಚಿದ್ದ. ಅವನ ಬೆರಳುಗಳು ಮಾತ್ರ ತೊಡೆಯ ಮೇಲೆ ಏನನ್ನೋ ಹುಡುಕುತ್ತಿದ್ದವು.

ಎರಡನೆಯ ಪದದ ನಡುವೆ ಕರೆಂಟು ಹೋಯಿತು. ಆಂಪ್ಲಿಫೈಯರು ಬ್ಯಾಟರಿಯ ಮೇಲಿತ್ತು. ರೆಕಾರ್ಡು ತಿರುಗುತ್ತಿದ್ದದ್ದು ಕರೆಂಟಿನ ಮೇಲೆ. ಹಾಗಾಗಿ ಸದ್ದು ನಿಲ್ಲಲಿಲ್ಲ, ತಟ್ಟೆ ನಿಧಾನವಾದಂತೆ ಕೆಳಗೆ, ಇನ್ನೂ ಕೆಳಗೆ ಇಳಿಯತೊಡಗಿತು. ಕತ್ತಲಲ್ಲಿ ಶ್ರುತಿಯನ್ನೇ ನಂಬಿ ಹೊರಟಿದ್ದ ಇಡೀ ಹಿಮ್ಮೇಳ ಅದರ ಬೆನ್ನು ಹತ್ತಿ, ಬಾವಿಯ ಪಾವಟಿಗೆಗಳನ್ನು ಇಳಿದ ಹಾಗೆ ಇಳಿಯಿತು. ಕಡೆಗೆ ಎಲ್ಲರೂ ಎಮ್ಮೆಯ ದನಿಯಲ್ಲಿ ದೇವರನ್ನು ಕರೆಯುತ್ತಿದ್ದರು. ಅಪ್ಪನೊಬ್ಬ ಮಾತ್ರ ಇಳಿಯದೆ ತನ್ನ ಸ್ವರವನ್ನು ಹಿಡಿದುಕೊಂಡು ಮೇಲೆಯೇ ನಿಂತಿದ್ದ. ದೀಪ ತಂದಾಗ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವನು ಈರಪ್ಪ ಕಾಕಾ. “ಇಂಗ್ಲೀಷ್ ಮಂದಿ ನಮ್ಮನ್ನ ಬಾಂವಿಗೆ ಹಾಕಿ ಹ್ವಾದ್ರಲೇ!” ಭಜನೆಯ ನಡುವೆ ನಮ್ಮ ಮಠದಲ್ಲಿ ಅಷ್ಟು ನಗು ನಾನು ಕೇಳಿಲ್ಲ. ಎಷ್ಟೋ ದಿನದ ಮೇಲೆ ಅಪ್ಪನೂ ನಕ್ಕ.

ನಕ್ಕದ್ದೇನೋ ಸರಿ. ಕಡೆಯ ಸೋಮವಾರಕ್ಕೆ ಪೇಟಿ ಮಿರಜಿನಿಂದ ಬಂದೇ ಬಿಟ್ಟಿತು. ಪೇಟಿ ಇದ್ದ ಮೇಲೆ ಗುಂಗಿಹುಳದವರಿಗೆ ಮಠದಲ್ಲಿ ಕೆಲಸವಿಲ್ಲ. ಈರಪ್ಪ ಕಾಕಾನ ಬೆರಳು ಕರಿ ನಾಕು ಬಿಟ್ಟು ಬೇರೆ ಮನೆ ಅರಿಯವೆಂದು ಅವನೇ ಊರಿಗೆಲ್ಲ ಹೇಳಿಕೊಂಡಿದ್ದ. ಅಪ್ಪ ಅಂದು ಸಂಜೆ ಇಸ್ತ್ರಿಯ ಅಂಗಿ ಹಾಕಿಕೊಂಡು ಹೊರಡುವಾಗ ಅವ್ವನಿಗೆ, “ತಾಳ ಹಿಡಿಯೋದೂ ಒಂದು ಸೇವಾನ” ಅಂದ.

ಮಠ ತುಂಬಿತ್ತು. ರಾಮದುರ್ಗದ ಕಡೆಯ ಮೇಳದವರು ಒಂದು ಬದಿಗೆ, ನಮ್ಮವರು ಒಂದು ಬದಿಗೆ. ಬಂದ ಮೇಳದವರೂ ಮಠದ ಪೇಟಿಯನ್ನೇ ನುಡಿಸುವುದು ರೂಢಿ. ಈರಪ್ಪ ಕಾಕಾ ಪೇಟಿಯ ದುಪ್ಪಟಿ ಬಿಚ್ಚಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಮಿರಜಿನವ ಪೇಟಿ ಛಲೋ ಮಾಡ್ಯಾನ. ಆದ್ರ ಕರಿ ನಾಕು ಬುಸ್ ಅಂತೈತಿ, ದನಿ ಹೊಂಡವಲ್ದು. ಇವತ್ತ ಕೆಳಗಿನ ಮನಿಗೆ ಹಾಡಬೇಕಾತು. ಮಲ್ಲಪ್ಪಾ, ನಡೀತೈತೇನಪಾ?”

ಅಪ್ಪ ಅವನನ್ನು ನೋಡಿದ. “ನಡೀತೈತಿ” ಅಂದ.

ಈರಪ್ಪ ಕಾಕಾ ಗುಂಗಿಹುಳದವರ ಶ್ರುತಿಯ ಮನೆಯನ್ನೇ ಹಿಡಿದ. ಎರಡು ಕಡೆ ಬೆರಳು ತಪ್ಪಿತು, ಹಣೆಯ ಮೇಲೆ ಬೆವರು ಕಾಣಿಸಿತು, ಆದರೂ ಬಿಡಲಿಲ್ಲ. ಅಪ್ಪ ಹಾಡಿದ. ದನಿ ಎಲ್ಲಿಯೂ ಒಡೆಯಲಿಲ್ಲ.

ಆಮೇಲೆ ಬಂದ ಮೇಳದ ಸರದಿ. ಅವರ ಪೇಟಿಯವನು ನಮ್ಮ ಪೇಟಿ ಎಳೆದುಕೊಂಡು, ಈರಪ್ಪ ಕಾಕಾ ಹೇಳಿದ್ದನ್ನು ಕೇಳಿಸಿಕೊಂಡಿರಲಿಲ್ಲವೋ ಏನೋ, ಸೀದಾ ಕರಿ ನಾಕು ಒತ್ತಿದ. ಅದು ಗಂಟೆಯ ಹಾಗೆ ನುಡಿಯಿತು. ಬುಸ್ಸಿಲ್ಲ, ಗಿಸ್ಸಿಲ್ಲ. ಅವರ ಹಾಡುಗಾರ ಆ ಎತ್ತರದಲ್ಲೇ ಒಂದಿಡೀ ಪದ ಹಾಡಿ ಮುಗಿಸಿದ. ನಮ್ಮ ಬದಿಯಲ್ಲಿ ಯಾರೂ ಅಲುಗಾಡಲಿಲ್ಲ. ಈರಪ್ಪ ಕಾಕಾ ಮೇಲಿನ ತೊಲೆಗಳನ್ನು ನೋಡುತ್ತಿದ್ದ.

ಕಡೆಗೆ ಮಂಗಳ. ಅದನ್ನು ಎತ್ತಬೇಕಾದವನು ನಮ್ಮೂರ ಹಾಡುಗಾರ. ಪೇಟಿ ಮತ್ತೆ ಈರಪ್ಪ ಕಾಕಾನ ಮುಂದೆ ಬಂತು. ಅಪ್ಪ ಅವನತ್ತ ಬಾಗಿ, ಮೆಲ್ಲಗೆ, ಹತ್ತಿರ ಕುಳಿತ ನನಗಷ್ಟೇ ಕೇಳುವ ಹಾಗೆ ಹೇಳಿದ: “ಕರಿ ನಾಕು ಛಲೋನ ಐತೆಲ್ಲೋ ಈರಪ್ಪಾ.”

“ಅವರ ಕೈಯಾಗ ಛಲೋ ಐತಿ. ನನ್ನ ಕೈಯಾಗ ಕೆಟ್ಟೈತಿ. ನೀ ಹಾಡೋ ಸುಮ್ಮ್ನ” ಅಂದ ಈರಪ್ಪ ಕಾಕಾ, ಕೆಳಗಿನ ಮನೆ ಒತ್ತಿ ಹಿಡಿದು.

ಅಪ್ಪ ಮಂಗಳ ಎತ್ತಿದ. ರಾಮದುರ್ಗದ ಕಡೆಯ ಹಾಡುಗಾರ ತನ್ನ ಎತ್ತರದಿಂದ ಇಳಿದು ಬಂದು ಆ ದನಿಯೊಡನೆ ಹಿಮ್ಮೇಳಕ್ಕೆ ಸೇರಿಕೊಂಡ.

ಭಜನೆ ಮುಗಿದು, ಕಟ್ಟೆಯ ಮೇಲೆ ಚಹಾ ಕುಡಿಯುವಾಗ ಆತ ಈರಪ್ಪ ಕಾಕಾನ ಬಳಿ ಬಂದ. “ಅಜ್ಜಾರ, ನಿಮ್ಮೂರಿಂದು ಕರಿ ನಾಕು ಅಂತ ಕೇಳಿದ್ವಿ. ಈ ಕೆಳಗಿನ ದನಿ ಹೊಟ್ಟಿಯೊಳಗ ಇಳಿತೈತಲ್ರೀ. ಯಾವಾಗಿಂದ ಹಿಂಗ ಹಾಡಾಕ ಹತ್ತೀರಿ?”

“ನಾವೇನ್ರೀ?” ಈರಪ್ಪ ಕಾಕಾ ಕಪ್ಪಿನಡಿಯ ಬಸಿಯಲ್ಲಿ ಚಹಾ ಸುರುವಿ ಆರಿಸಿಕೊಂಡ. “ಮೊದಲಿಂದ್ಲೂ ನಮ್ಮೂರಾಗ ಹಿಂಗ ಐತ್ರೀ.”

ಸುತ್ತ ನಮ್ಮೂರ ಹಿರಿಯರೆಲ್ಲ ಇದ್ದರು. ಒಬ್ಬರು, ಹೌದ್ಹೌದು, ಮೊದಲಿಂದ್ಲೂ ಹಿಂಗ ಅಂದರು. ಇನ್ನೊಬ್ಬರು ತಮ್ಮ ಅಜ್ಜನ ಕಾಲದಿಂದ ಅಂದರು. ಅಪ್ಪ ಪಕ್ಕದಲ್ಲೇ ಕುಳಿತಿದ್ದ. ಯಾರನ್ನೂ ತಿದ್ದಲಿಲ್ಲ. ಈರಪ್ಪ ಕಾಕಾನ ಬಸಿ ಖಾಲಿಯಾದದ್ದನ್ನು ಕಂಡು, ತನ್ನ ಕಪ್ಪಿನಲ್ಲಿ ಉಳಿದ ಚಹಾವನ್ನು ಅದಕ್ಕೆ ಸುರುವಿದ.